ನೆಗೆಟಿವ್ ಡಬ್ಬಿಯ ಚರಿತ್ರೆ

ಅರಸರ ಚರಿತ್ರೆಗೆ ಶಾಸನಗಳಿವೆ, ಆಡಳಿತದ ಚರಿತ್ರೆಗೆ ಕಡತಗಳಿವೆ, ಜಮೀನಿನ ಚರಿತ್ರೆಗೆ ಪಹಣಿಯಿದೆ. ಆದರೆ ನಮ್ಮ ನಿಮ್ಮಂಥವರ ಮುಖಗಳಿಗೆ ಏನು ದಾಖಲೆ ಇದೆ? ಸಮಾಜ ಪಾಠ ಹೇಳುವಾಗ ಈ ಪ್ರಶ್ನೆಯನ್ನು ನಾನು ಹಲವು ಬಾರಿ ಕೇಳಿದ್ದುಂಟು. ಹಿಂದಿನ ಬೆಂಚಿನ ಒಬ್ಬ ಹುಡುಗ, ‘ಗೋಡೆ ಮೇಲಿನ ಫೋಟೋ ಸಾರ್’ ಎಂದಿದ್ದ. ತರಗತಿ ನಕ್ಕಿತು, ಉತ್ತರ ಮಾತ್ರ ಸರಿಯಾಗಿಯೇ ಇತ್ತು. ಕಳೆದ ನೂರು ವರ್ಷಗಳಲ್ಲಿ ನಮ್ಮ ಊರುಗಳ ಸಾಮಾನ್ಯ ಜನರ ಮುಖಗಳನ್ನು ಉಳಿಸಿಕೊಟ್ಟವರು ಪೇಟೆಬೀದಿಯ ಫೋಟೋ ಸ್ಟುಡಿಯೋದವರು. ಸರ್ಕಾರದ ಸಂಬಳವಾಗಲಿ ಸಂಸ್ಥೆಯ ಆಸರೆಯಾಗಲಿ ಇಲ್ಲದೆ, ತಮ್ಮ ಬಂಡವಾಳವನ್ನು ತಾವೇ ಹಾಕಿ, ತಮ್ಮ ಅಂಗಡಿಯ ಬಾಗಿಲನ್ನು ತಾವೇ ತೆರೆದು ಮುಚ್ಚಿದ ಈ ಜನರ ದುಡಿಮೆಯ ಚರಿತ್ರೆಯನ್ನು ಬರೆಯಬೇಕೆಂಬ ಆಸೆ ಬಹಳ ದಿನಗಳದು.

ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು, ಪ್ಯಾರಿಸ್ಸಿನಲ್ಲಿ. ಡಾಗೇರ್ ಎಂಬಾತನ ವಿಧಾನವನ್ನು ಫ್ರೆಂಚ್ ಸರ್ಕಾರ ಅಂದು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಅದು ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತು. ಕನ್ನಡನಾಡಿನ ಮೊದಲ ಮಹತ್ವದ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಸೈನ್ಯಾಧಿಕಾರಿಗಳು ತೆಗೆದವು. ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ 1854ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯನ್ನು ಸೆರೆಹಿಡಿದನು. ಆ ನೆಗೆಟಿವ್‌ಗಳು ಉಳಿದುಕೊಂಡಿದ್ದರಿಂದಲೇ 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದು, ಸುಮಾರು ನೂರಮೂವತ್ತು ವರ್ಷಗಳಲ್ಲಿ ಹಂಪೆ ಎಷ್ಟು ಬದಲಾಯಿತೆಂದು ತೋರಿಸಲು ಸಾಧ್ಯವಾಯಿತು. ಒಂದು ಹಳೆಯ ನೆಗೆಟಿವ್‌ನ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆದರೆ ಟ್ರೈಪ್, ಗ್ರೀನ್‌ಲಾ ಇಬ್ಬರಿಗೂ ಸೈನ್ಯದ ಸಂಬಳವಿತ್ತು. ಚಿತ್ರ ಮಾರಾಟವಾಗದಿದ್ದರೂ ಅವರ ಒಲೆ ಉರಿಯುತ್ತಿತ್ತು. ಫೋಟೋ ತೆಗೆದೇ ಅನ್ನ ಸಂಪಾದಿಸಬೇಕಾದವನ ಕಥೆ ಬೇರೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಗಾಜಿನ ವಿಧಾನದಿಂದ, ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಸ್ಪಷ್ಟವಾದ ಪ್ರತಿಗಳನ್ನು ತೆಗೆಯಲು ಸಾಧ್ಯವಾಯಿತು. ವ್ಯಾಪಾರಕ್ಕೆ ದಾರಿ ತೆರೆದದ್ದು ಹೀಗೆ. ದಾರಿ ಸುಲಭದ್ದಂತೂ ಆಗಿರಲಿಲ್ಲ. ಗಾಜಿಗೆ ಅಂಟುದ್ರವ ಸವರಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒದ್ದೆಯಿರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ಕತ್ತಲಲ್ಲಿ ಸಂಸ್ಕರಿಸಬೇಕು. ನಮ್ಮ ಬಿಸಿಲಿನಲ್ಲಿ ಅದಕ್ಕೆ ದೊರೆಯುತ್ತಿದ್ದುದು ಕೆಲವೇ ನಿಮಿಷ. ಊರಾಚೆ ಚಿತ್ರ ತೆಗೆಯಬೇಕಾದರೆ ಕತ್ತಲ ಗುಡಾರ, ಗಾಜು, ಔಷಧಿ, ನೀರು ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗಬೇಕಾಗಿತ್ತು. 1870ರ ದಶಕದ ಕೊನೆಗೆ ಒಣ ಗಾಜಿನ ಪ್ಲೇಟುಗಳು ಮಾರುಕಟ್ಟೆಗೆ ಬಂದ ಮೇಲೆಯೇ ಛಾಯಾಗ್ರಾಹಕನಿಗೆ ಸ್ವಲ್ಪ ಉಸಿರಾಡುವಂತಾಯಿತು.

ಈ ಕಾಲದ ಸ್ವಂತ ಉದ್ಯೋಗದ ಛಾಯಾಗ್ರಾಹಕರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವವರು ರಾಜಾ ದೀನದಯಾಳ್. ಇವರು ಹುಟ್ಟಿದ್ದು 1844ರಲ್ಲಿ, ಮೀರತ್ತಿನ ಬಳಿಯ ಸರಧನದಲ್ಲಿ. ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಮತ್ತು ಅಂದಾಜುಪಟ್ಟಿ ಸಿದ್ಧಪಡಿಸುವ ಕೆಲಸಕ್ಕೆ ಸೇರಿದರು. 1874ರ ಸುಮಾರಿಗೆ ಹವ್ಯಾಸವಾಗಿ ಕ್ಯಾಮೆರಾ ಹಿಡಿದರು. ಮುಂದೆ ಸರ್ ಲೆಪೆಲ್ ಗ್ರಿಫಿನ್ ಅವರೊಡನೆ ಬುಂದೇಲಖಂಡವನ್ನು ಸುತ್ತಿ, ಅಲ್ಲಿಯ ಪ್ರಾಚೀನ ಕಟ್ಟಡಗಳನ್ನು ಚಿತ್ರಿಸಿದ ಮೇಲೆ, ಸರ್ಕಾರಿ ನೌಕರಿಯನ್ನು ಬಿಟ್ಟು ಇದನ್ನೇ ಜೀವನೋಪಾಯ ಮಾಡಿಕೊಂಡರು. ತಿಂಗಳ ಸಂಬಳದ ಕೆಲಸವನ್ನು ಬಿಡುವುದೆಂದರೆ ಏನೆಂದು ಗೃಹಸ್ಥರಿಗೆ ನಾನು ವಿವರಿಸಬೇಕಾಗಿಲ್ಲ.

1880ರ ದಶಕದ ಮಧ್ಯದಲ್ಲಿ ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಇವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳು ಆಗ ಇದೇ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಆಸ್ಥಾನದ ಬಿರುದು ದೊರೆತರೂ ದೀನದಯಾಳರು ಅದೊಂದನ್ನೇ ನಂಬಿ ಕುಳಿತುಕೊಳ್ಳಲಿಲ್ಲ. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಅಧಿಕಾರಿಗಳು, ಸೈನಿಕರು, ವರ್ತಕರು, ಹಣ ಕೊಟ್ಟು ಬಂದವರೆಲ್ಲರ ಭಾವಚಿತ್ರಗಳನ್ನು ತೆಗೆದರು. 1892ರಲ್ಲಿ ಪರದೆಯ ಪದ್ಧತಿಯಿದ್ದ ಮನೆತನಗಳ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಜನಾನಾ ಸ್ಟುಡಿಯೋ ಏರ್ಪಡಿಸಿ, ಅದರ ಮೇಲ್ವಿಚಾರಣೆಯನ್ನು ಇಂಗ್ಲಿಷ್ ಮಹಿಳೆಯೊಬ್ಬರಿಗೆ ಒಪ್ಪಿಸಿದರು. 1896ರಲ್ಲಿ ಮುಂಬಯಿಯಲ್ಲಿ ಇನ್ನೊಂದು ಸ್ಟುಡಿಯೋ ತೆರೆದರು. ಅರಮನೆಯ ಗೌರವ ಒಂದು ಕೈಯಲ್ಲಿ, ಬೀದಿಯ ಗಿರಾಕಿ ಇನ್ನೊಂದು ಕೈಯಲ್ಲಿ: ಸ್ವಂತ ಕಾಲ ಮೇಲೆ ನಿಂತ ಛಾಯಾಗ್ರಾಹಕನ ಲೆಕ್ಕಾಚಾರ ಆಗಲೇ ಇಷ್ಟು ಸ್ಪಷ್ಟವಾಗಿತ್ತು.

ಇವರ ಇನ್ನೊಂದು ಗುಣವನ್ನು ವಿಶೇಷವಾಗಿ ಹೇಳಬೇಕು. ಇವರ ಚಿತ್ರಗಳ ಅಂಚಿನಲ್ಲಿ ಹೆಸರಿನ ಜೊತೆಗೆ ನೆಗೆಟಿವ್‌ನ ಸಂಖ್ಯೆ ಕಾಣುತ್ತದೆ. ಗಿರಾಕಿ ಮತ್ತೆ ಬಂದು ಇನ್ನೊಂದು ಪ್ರತಿ ಕೇಳಿದರೆ ಸಂಖ್ಯೆಯನ್ನು ನೋಡಿ ಗಾಜನ್ನು ಹುಡುಕಿ ತೆಗೆಯಬಹುದಾಗಿತ್ತು. ಇದು ವ್ಯಾಪಾರದ ಶಿಸ್ತು. ಆದರೆ 1905ರಲ್ಲಿ ದೀನದಯಾಳರು ತೀರಿಕೊಂಡ ಎಂಬತ್ತು ವರ್ಷಗಳ ಮೇಲೆ ಆ ಶಿಸ್ತು ಚರಿತ್ರೆಯಾಯಿತು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಇವರ 2857 ಗಾಜಿನ ನೆಗೆಟಿವ್‌ಗಳನ್ನು ಕೊಂಡುಕೊಂಡಿತು. ಎಲ್ಲರಿಗೂ ಈ ಭಾಗ್ಯವಿರಲಿಲ್ಲ. ದೇಶದ ಅತಿ ಹಳೆಯ ಸ್ಟುಡಿಯೋಗಳಲ್ಲೊಂದಾದ ಕಲ್ಕತ್ತೆಯ ಬೋರ್ನ್ ಅಂಡ್ ಶೆಪರ್ಡ್‌ನ ಸಂಗ್ರಹದ ಬಹುಭಾಗ 1991ರ ಬೆಂಕಿಯಲ್ಲಿ ನಾಶವಾಯಿತು; 2016ರಲ್ಲಿ ಅಂಗಡಿಯೇ ಮುಚ್ಚಿತು.

ದೊಡ್ಡವರ ಮಾತು ಇಷ್ಟು ಸಾಕು. ಇನ್ನು ನಮ್ಮ ತಾಲ್ಲೂಕು ಪೇಟೆಗಳ ಸ್ಟುಡಿಯೋಕ್ಕೆ ಬರೋಣ.

ನನ್ನ ಬಾಲ್ಯದ ಸ್ಟುಡಿಯೋ ಎಂದರೆ ಉದ್ದನೆಯ ಒಂದು ಕೋಣೆ. ಒಂದು ಕೊನೆಯಲ್ಲಿ ಬಣ್ಣ ಬಳಿದ ಪರದೆ. ಅದರ ಮೇಲೆ ನಮ್ಮೂರಿನಲ್ಲಿ ಎಲ್ಲಿಯೂ ಇಲ್ಲದ ಸರೋವರ, ಕಂಬ, ಮೆಟ್ಟಿಲು. ಮುಂದೆ ಒಂದು ಕುರ್ಚಿ, ಒಂದು ಎತ್ತರದ ಸಣ್ಣ ಮೇಜು, ಅದರ ಮೇಲೆ ಕಾಗದದ ಹೂವಿನ ಕುಂಡ. ಬಾಚಣಿಗೆ, ಕನ್ನಡಿ, ಪೌಡರ್ ಡಬ್ಬ, ಒಂದು ಕೋಟು ಸಾರ್ವಜನಿಕ ಉಪಯೋಗಕ್ಕೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮರದ ದೊಡ್ಡ ಕ್ಯಾಮೆರಾ. ಯಜಮಾನರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ ಅವರಿಗೆ ಗಾಜಿನ ಮೇಲೆ ನಾವು ತಲೆಕೆಳಗಾಗಿ ಕಾಣುತ್ತಿದ್ದೆವಂತೆ. ವಿದ್ಯುತ್ತು ಭದ್ರವಾಗಿರದ ಕಾಲದಲ್ಲಿ ಸೂರ್ಯನೇ ಅವರ ಪಾಲುದಾರ. ಮೋಡ ಮುಚ್ಚಿದರೆ ಬೆಳಕಿಗಾಗಿ ಕಾಯಬೇಕು. ಲೆನ್ಸಿನ ಮುಚ್ಚಳ ತೆಗೆದು, ಬಾಯಲ್ಲೇ ಎಣಿಸಿ, ಮತ್ತೆ ಮುಚ್ಚಬೇಕು. ಆ ಕ್ಷಣದಲ್ಲಿ ಅಲುಗಾಡಿದ ಮಗುವಿಗೆ ಚಿತ್ರದಲ್ಲಿ ಎರಡು ಮೂಗು.

ಗಿರಾಕಿ ಹೋದ ಮೇಲೆ ನಿಜವಾದ ಕೆಲಸ. ಕತ್ತಲ ಕೋಣೆಯ ಕೆಂಪು ದೀಪದಲ್ಲಿ ಪ್ಲೇಟನ್ನು ಡೆವಲಪರಿನಲ್ಲಿ ಅದ್ದಬೇಕು, ಹೈಪೋದಲ್ಲಿ ತೊಳೆಯಬೇಕು. ಪ್ಲೇಟಿನ ಮೇಲಿನ ಲೇಪ ಜೆಲಟಿನ್ ಎಂಬ ಅಂಟಿನದು. ನೀರು ಬೆಚ್ಚಗಾದರೆ ಅದು ಮೆತ್ತಗಾಗಿ ಗಾಜಿನಿಂದ ಏಳುತ್ತದೆ. ಆದ್ದರಿಂದ ಏಪ್ರಿಲ್ ಮೇ ತಿಂಗಳುಗಳಲ್ಲಿ, ಮದುವೆಗಳ ಭರಾಟೆಯ ಕಾಲದಲ್ಲಿಯೇ, ರಾತ್ರಿ ಕಳೆದು ಬೆಳಗಿನ ಜಾವದಲ್ಲಿ, ಗಡಿಗೆಯಲ್ಲಿ ತಣಿಸಿದ ನೀರಿನಿಂದ ಈ ಕೆಲಸ ನಡೆಯುತ್ತಿತ್ತು. ನೆಗೆಟಿವ್ ಒಣಗಿದ ಮೇಲೆ ರೀಟಚಿಂಗ್. ಮುಖದ ಮೇಲಿನ ಸುಕ್ಕು, ಸಿಡುಬಿನ ಕಲೆ ಇವು ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತವೆ. ಅಲ್ಲಿ ಚೂಪಾದ ಸೀಸದ ಕಡ್ಡಿಯಿಂದ ಚುಕ್ಕಿ ಇಟ್ಟು ತುಂಬಿದರೆ ಪ್ರಿಂಟಿನಲ್ಲಿ ಮುಖ ನುಣುಪಾಗುತ್ತದೆ. ಅಂಗುಷ್ಠದಷ್ಟು ಮುಖದ ಮೇಲೆ ಗಂಟೆಗಟ್ಟಲೆ ಬಗ್ಗಿ ಕೂರುವ ಈ ಕೆಲಸದಿಂದ ಅನೇಕರ ಕಣ್ಣು ಬೇಗನೆ ಮಂಜಾದುದನ್ನು ನಾನು ಕಂಡಿದ್ದೇನೆ.

ಈ ಕೋಣೆಗೆ ಬರುತ್ತಿದ್ದ ಕಾರಣಗಳನ್ನು ಬರೆದರೆ ಅದೇ ಒಂದು ಸಮಾಜಶಾಸ್ತ್ರ. ಬೇಸಿಗೆಯಲ್ಲಿ ಮೊಗ್ಗಿನ ಜಡೆ ಹಾಕಿಸಿಕೊಂಡ ಹೆಣ್ಣುಮಕ್ಕಳು ಬರುವರು. ಮುಖವೂ ಬರಬೇಕು, ಬೆನ್ನಿನ ಜಡೆಯೂ ಕಾಣಬೇಕು. ಅದಕ್ಕಾಗಿ ಹಿಂದೆ ನಿಲುವುಗನ್ನಡಿ ನಿಲ್ಲಿಸಿ, ಕ್ಯಾಮೆರಾ ಮಾತ್ರ ಕನ್ನಡಿಯಲ್ಲಿ ಬೀಳದಂತೆ ಕೋನ ಹೊಂದಿಸುವುದು ಅವರ ಜಾಣ್ಮೆ. ಸೀಮಂತದ ಬಸುರಿಯರು, ವಧುಪರೀಕ್ಷೆಗೆ ಕಳಿಸಲು ಫೋಟೋ ಬೇಕಾದ ಕನ್ಯೆಯರು, ಸೈನ್ಯಕ್ಕೆ ಹೊರಟ ಹುಡುಗರು, ಹೊಸದಾಗಿ ಕೆಲಸ ಸಿಕ್ಕ ಗುಮಾಸ್ತರು ಬರುವರು. ಇನ್ನು ಕೆಲವೊಮ್ಮೆ ಬೆಳಗಿನ ಹೊತ್ತು ಬಾಗಿಲು ತಟ್ಟುವವರು ಸಾವಿನ ಮನೆಯವರು. ಬದುಕಿದ್ದಾಗ ಒಮ್ಮೆಯೂ ಫೋಟೋ ತೆಗೆಸಿಕೊಳ್ಳದ ಹಿರಿಯರನ್ನು ಗೋಡೆಗೆ ಒರಗಿಸಿ ಕೂರಿಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ಕುಳಿತು ತೆಗೆಸಿದ ಚಿತ್ರಗಳು ಎಷ್ಟೋ ಮನೆಗಳಲ್ಲಿವೆ. ಅಂಥ ಮನೆಯಲ್ಲಿ ‘ಸ್ವಲ್ಪ ಈ ಕಡೆ ನೋಡಿ’ ಎಂದು ಹೇಳಬೇಕಾದ ಮನುಷ್ಯನ ಸಂಕಟವನ್ನು ಯಾರೂ ಕೇಳಿದವರಿಲ್ಲ. ಪೊಲೀಸರು ಕರೆದರೆ ಅನಾಥ ಶವದ ಚಿತ್ರವನ್ನೂ ತೆಗೆಯಬೇಕಾಗುತ್ತಿತ್ತು.

ತೀರಿಹೋದ ತಂದೆಯ ಒಂದೇ ಒಂದು ಕುರುಹು ಯಾರದೋ ಮದುವೆಯ ಗುಂಪು ಚಿತ್ರದಲ್ಲಿ, ಮೂರನೆಯ ಸಾಲಿನಲ್ಲಿ, ಹೆಸರುಕಾಳಿನಷ್ಟು ಮುಖವಾಗಿ ಉಳಿದಿರುವುದುಂಟು. ಅದನ್ನು ಮತ್ತೆ ಕ್ಯಾಮೆರಾದಿಂದ ಪ್ರತಿ ತೆಗೆದು, ದೊಡ್ಡದು ಮಾಡಿ, ಕುಂಚದಿಂದ ಪೇಟ ಕೋಟುಗಳನ್ನು ತೊಡಿಸಿ, ಗೋಡೆಗೆ ಹಾಕುವ ಭಾವಚಿತ್ರ ಮಾಡಿಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ಹಾರ ಹಾಕಿಸಿಕೊಂಡಿರುವ ಎಷ್ಟೋ ಅಜ್ಜಂದಿರು ಬದುಕಿದ್ದಾಗ ಕೋಟು ಕಂಡವರೇ ಅಲ್ಲ!

ಇನ್ನು ವರಮಾನದ ಮಾತು. ಮೇಷ್ಟರ ಸಂಬಳ ಕಡಿಮೆಯಾದರೂ ತಿಂಗಳಿಗೊಮ್ಮೆ ಬರುತ್ತಿತ್ತು. ಛಾಯಾಗ್ರಾಹಕನಿಗೆ ಖರ್ಚು ಮೊದಲು, ಹಣ ಆಮೇಲೆ. ಫಿಲ್ಮು, ಕಾಗದ, ಔಷಧಿ ಎಲ್ಲಕ್ಕೂ ಮುಂಗಡ ಕೊಡಬೇಕು. ಅವುಗಳಲ್ಲಿ ಬೆಳ್ಳಿಯ ಅಂಶವಿರುವುದರಿಂದ ಬೆಲೆ ಎಂದೂ ಅಗ್ಗವಾಗಿರಲಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರಿಗೆ, ವಾಲಗದವರಿಗೆ, ಶಾಮಿಯಾನದವರಿಗೆ ಕೊಟ್ಟು ಮುಗಿದ ಮೇಲೆ ಫೋಟೋದವರ ಸರದಿ. ಆಲ್ಬಮ್ ಸಿದ್ಧವಾಗುವ ವೇಳೆಗೆ ಮನೆಯವರ ಕೈ ಬರಿದಾಗಿರುತ್ತಿತ್ತು. ಆಷಾಢದಲ್ಲಿ, ಪುಷ್ಯದಲ್ಲಿ ಮದುವೆಗಳಿಲ್ಲ. ಸ್ಟುಡಿಯೋದಲ್ಲಿ ನೊಣ ಹೊಡೆಯಬೇಕು. ಹೀಗಾಗಿ ಅನೇಕರು ಅದೇ ಅಂಗಡಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಕೆಲಸವನ್ನೂ ಇಟ್ಟುಕೊಂಡಿದ್ದರು. ಬಳಸಿದ ಹೈಪೋ ನೀರಿನಲ್ಲಿ ಫಿಲ್ಮಿನಿಂದ ಕರಗಿದ ಬೆಳ್ಳಿ ಇರುತ್ತದೆ. ಅದನ್ನು ಚೆಲ್ಲದೆ ಕೂಡಿಟ್ಟು, ಬೆಳ್ಳಿ ತೆಗೆಯುವವರಿಗೆ ಮಾರುತ್ತಿದ್ದವರೂ ಉಂಟು.

ನಮ್ಮ ಶಾಲೆಯ ಗುಂಪು ಚಿತ್ರ ಅವರ ವಾರ್ಷಿಕ ಖಾತರಿಗಳಲ್ಲಿ ಒಂದು. ಹತ್ತನೆಯ ತರಗತಿಯವರ ಬೀಳ್ಕೊಡುಗೆಯ ದಿನ ಬೆಳಿಗ್ಗೆ ಬೆಂಚುಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಎತ್ತರದವರನ್ನು ಹಿಂದೆ ನಿಲ್ಲಿಸಿ, ನಮ್ಮನ್ನು ಮುಂದಿನ ಕುರ್ಚಿಗಳಲ್ಲಿ ಕೂರಿಸುತ್ತಿದ್ದರು. ಹಣವನ್ನು ನಾವೇ ಮಕ್ಕಳಿಂದ ಚಿಲ್ಲರೆ ಚಿಲ್ಲರೆಯಾಗಿ ಸಂಗ್ರಹಿಸಿ ಕೊಡಬೇಕಾಗಿತ್ತು. ನಮ್ಮೂರಿನ ಯಜಮಾನರು ಒಂದು ನಿಯಮ ಇಟ್ಟುಕೊಂಡಿದ್ದರು: ಹಣ ಕೊಡಲಾಗದ ಮಗುವನ್ನೂ ಸಾಲಿನಿಂದ ಹೊರಗೆ ನಿಲ್ಲಿಸಬಾರದು. ‘ಮೇಷ್ಟ್ರೇ, ಪ್ರತಿ ತೊಗೊಳ್ಳೋದು ಬಿಡೋದು ಅವರಿಷ್ಟ. ನೆಗೆಟಿವ್‌ನಲ್ಲಿ ಎಲ್ಲರೂ ಇರಲಿ’ ಎನ್ನುತ್ತಿದ್ದರು. ನಿಮ್ಮಲ್ಲಿ ಕೆಲವರು ಅಂದು ಪ್ರತಿ ಕೊಳ್ಳದೆ, ಕೆಲಸ ಸಿಕ್ಕಿದ ಮೇಲೆ ಅವರ ಅಂಗಡಿಗೆ ಹೋಗಿ ವರ್ಷ ಹೇಳಿ ಪ್ರಿಂಟ್ ಹಾಕಿಸಿಕೊಂಡದ್ದು ನನಗೆ ಗೊತ್ತು. ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ, ವರ್ಷವಾರು, ಕಾಗದದ ಚೀಲದಲ್ಲಿ ಸುತ್ತಿದ ನೆಗೆಟಿವ್‌ಗಳು ಅವರಲ್ಲಿದ್ದವು. ನಮ್ಮ ಶಾಲೆಯ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದಿತು. ಆ ಡಬ್ಬಿಗಳು ಬಹಳ ಕಾಲ ಗಟ್ಟಿಯಾಗಿದ್ದವು.

ಪ್ರತಿಯೊಂದು ಹೊಸ ಸಲಕರಣೆಯೂ ಈ ವೃತ್ತಿಯ ಶ್ರಮವನ್ನು ಕಡಿಮೆ ಮಾಡಿತು. ಜೊತೆಗೇ ವರಮಾನದ ಒಂದು ತುಂಡನ್ನು ಕಿತ್ತುಕೊಂಡಿತು. ಗಾಜು ಹೋಗಿ ಸುರುಳಿ ಫಿಲ್ಮು ಬಂದಿತು. ನಮ್ಮ ದೇಶದಲ್ಲೇ ಫಿಲ್ಮು ತಯಾರಾಗಲಿ ಎಂದು 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಗಿ, 1967ರಲ್ಲಿ ಉತ್ಪಾದನೆ ಆರಂಭಿಸಿತು. ‘ಇಂದು’ ಎಂಬ ಅದರ ಹೆಸರು ಹಳಬರಿಗೆ ನೆನಪಿರಬಹುದು. ಹನ್ನೆರಡು ಚಿತ್ರಗಳ ಸುರುಳಿಯಲ್ಲಿ ಒಂದು ಮದುವೆಯ ಮುಖ್ಯ ಘಟ್ಟಗಳನ್ನು ಹಿಡಿಯಬೇಕಾದರೆ ಎಷ್ಟು ಎಚ್ಚರ ಬೇಕು! ಮಾಂಗಲ್ಯಧಾರಣೆ ಎರಡನೆಯ ಸಲ ನಡೆಯುವುದಿಲ್ಲ. ಅದೇ ಹೊತ್ತಿಗೆ ಆಗ್ಫಾ ಕ್ಲಿಕ್‌ನಂಥ ಅಗ್ಗದ ಕ್ಯಾಮೆರಾಗಳು ಮಧ್ಯಮ ವರ್ಗದ ಮನೆಗಳಿಗೆ ಬಂದವು. ಪ್ರವಾಸದ, ಮಕ್ಕಳ ಹುಟ್ಟುಹಬ್ಬದ ಚಿತ್ರಗಳು ಸ್ಟುಡಿಯೋದ ಕೈತಪ್ಪಿದವು.

1980ರ ದಶಕದಲ್ಲಿ ಬಣ್ಣದ ಚಿತ್ರ ಸಾಮಾನ್ಯವಾಯಿತು. ಜನರಿಗೆ ಹಬ್ಬ, ಛಾಯಾಗ್ರಾಹಕನಿಗೆ ಪೆಟ್ಟು. ಬಣ್ಣದ ಫಿಲ್ಮನ್ನು ಸುಮಾರು 38 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಸ್ವಲ್ಪವೂ ಹೆಚ್ಚು ಕಡಿಮೆಯಾಗದಂತೆ ಸಂಸ್ಕರಿಸಬೇಕು. ಸಣ್ಣ ಊರಿನ ಕತ್ತಲ ಕೋಣೆಗೆ ಇದು ನಿಲುಕದು. ರೋಲುಗಳನ್ನು ಬಸ್ಸಿನಲ್ಲಿ ನಗರದ ಲ್ಯಾಬಿಗೆ ಕಳಿಸಿ, ಪ್ರಿಂಟು ಬರುವವರೆಗೆ ಕಾಯಬೇಕಾಯಿತು. ತನ್ನ ಕೈಯಾರೆ ಚಿತ್ರ ಮೂಡಿಸುತ್ತಿದ್ದವನು ನಡುವಿನ ಸಾಗಣೆದಾರನಾದನು. ಕತ್ತಲ ಕೋಣೆ ಸಾಮಾನಿನ ಕೋಣೆಯಾಯಿತು. ಗಮನಿಸಿ ನೋಡಿ: ನಿಮ್ಮ ಮನೆಯಲ್ಲಿ 1950ರ ಕಪ್ಪು ಬಿಳುಪಿನ ಚಿತ್ರ ಇಂದಿಗೂ ಸ್ಪಷ್ಟವಾಗಿರುತ್ತದೆ, 1985ರ ಬಣ್ಣದ ಚಿತ್ರ ಕೆಂಪಡರಿ ಮಾಸಿರುತ್ತದೆ. ಬೆಳ್ಳಿಯ ಬಾಳಿಕೆ ಬಣ್ಣಕ್ಕಿಲ್ಲ.

ಆಗ ಕೈಹಿಡಿದದ್ದು ಸರ್ಕಾರದ ಕಾಗದಪತ್ರಗಳು. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿಯ ಆದೇಶ ಹೊರಟಿತು. ಮುಂದೆ ಬ್ಯಾಂಕು, ಪಡಿತರ, ಬಸ್ ಪಾಸು ಎಲ್ಲಕ್ಕೂ ಸಣ್ಣ ಫೋಟೋ ಬೇಕಾಯಿತು. ಆದರೆ ಸರ್ಕಾರವೇ ಅದನ್ನೂ ಹಿಂದಕ್ಕೆ ಪಡೆಯಿತು. 2010ರಲ್ಲಿ ಆಧಾರ್ ಸಂಖ್ಯೆ ಕೊಡಲು ಆರಂಭಿಸಿದಾಗ ಫೋಟೋವನ್ನು ನೋಂದಣಿ ಕೇಂದ್ರದಲ್ಲೇ ತೆಗೆದರು. ಅದೇ ಕಾಲದಲ್ಲಿ ಬಂದ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಹಾಗೆಯೇ. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಫಿಲ್ಮನ್ನು ನುಂಗಿತ್ತು. ಮೊದಲ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಕೊಡಕ್ ಕಂಪನಿಯ ಇಂಜಿನಿಯರೇ ತಯಾರಿಸಿದ್ದರು. ಅದೇ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ದೊಡ್ಡ ಆನೆಯೇ ಬಿದ್ದಾಗ ಇರುವೆಗಳ ಪಾಡೇನು? ಕಲಿಯಬಲ್ಲ ವಯಸ್ಸಿನವರು ಕಂಪ್ಯೂಟರ್ ಕಲಿತು, ಕರಿಜ್ಮಾ ಆಲ್ಬಮ್ಮು, ವಿಡಿಯೋ, ಡ್ರೋನ್ ಎಂದು ಮದುವೆಗಳನ್ನು ಹಿಡಿದುಕೊಂಡರು. ವಯಸ್ಸಾದವರು ಬಾಗಿಲು ಹಾಕಿದರು.

ಬಾಗಿಲು ಹಾಕಿದವರ ನೆಗೆಟಿವ್‌ಗಳು ಏನಾದವು? ಈ ಲೇಖನ ಬರೆಯಲು ಕಾರಣವಾದ ಪ್ರಶ್ನೆ ಇದೇ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಫೋಟೋ ತೆಗೆಸಿಕೊಂಡವರೇ ಅದರ ಹಕ್ಕಿನ ಮೊದಲ ಒಡೆಯರು. ಫಿಲ್ಮಿನ ತುಂಡು ಮಾತ್ರ ರೂಢಿಯಂತೆ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. ಹಕ್ಕಿನವರು ಊರು ಬಿಟ್ಟರು, ತುಂಡು ಕಾಯುವವನಿಗೆ ಬಾಡಿಗೆ ಕಟ್ಟಲು ಆಗಲಿಲ್ಲ. ಗಾಜಿನ ಪ್ಲೇಟುಗಳನ್ನು ಬಿಸಿನೀರಿನಲ್ಲಿ ತೊಳೆದು ಫೋಟೋ ಕಟ್ಟಿನ ಗಾಜಾಗಿ ಬಳಸಿದ್ದೂ ಉಂಟು. ಫಿಲ್ಮುಗಳು ಬೆಳ್ಳಿಯ ಆಸೆಗೆ ತೂಕದ ಲೆಕ್ಕದಲ್ಲಿ ಹೋದವು, ಇಲ್ಲವೇ ತಿಪ್ಪೆ ಸೇರಿದವು. ನಮ್ಮೂರಿನ ಯಜಮಾನರು ತೀರಿಕೊಂಡ ಮೇಲೆ ಆ ಬಿಸ್ಕತ್ತಿನ ಡಬ್ಬಿಗಳೂ ಹಳೆಯ ಸಾಮಾನಿನವನ ಗಾಡಿ ಹತ್ತಿದವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹಣ ಕೊಡಲಾಗದೆ ನೆಗೆಟಿವ್‌ನಲ್ಲಿ ಮಾತ್ರ ಉಳಿದಿದ್ದ ಮಕ್ಕಳ ಮುಖಗಳು ಅವುಗಳ ಜೊತೆಗೇ ಹೋದವು. ದೀನದಯಾಳರ ಗಾಜುಗಳನ್ನು ರಾಷ್ಟ್ರ ಕೊಂಡಿತು, ಅದು ಸರಿ. ಆದರೆ ಅವುಗಳಲ್ಲಿ ಹೆಚ್ಚಾಗಿ ಇರುವವರು ರಾಜರು, ನವಾಬರು, ಸಾಹೇಬರು. ರೈತನ, ನೇಕಾರನ, ಗುಮಾಸ್ತನ, ಸೂಲಗಿತ್ತಿಯ ಮುಖ ಇದ್ದದ್ದು ಈ ಡಬ್ಬಿಗಳಲ್ಲಿ.

ಹೋದದ್ದಕ್ಕೆ ಮರುಗಿ ಕುಳಿತರೆ ಪ್ರಯೋಜನವಿಲ್ಲ. ಉಳಿದುದನ್ನಾದರೂ ಕಾಪಾಡಬಹುದು. ನಿಮ್ಮ ಊರಿನಲ್ಲಿ ಹಳೆಯ ಸ್ಟುಡಿಯೋ ಒಂದು ಮುಚ್ಚುತ್ತಿದ್ದರೆ, ಹೋಗಿ ಆ ಹಿರಿಯರನ್ನು ಮಾತನಾಡಿಸಿ. ಡಬ್ಬಿಗಳೇನಾದರೂ ಉಳಿದಿವೆಯೇ ಎಂದು ಕೇಳಿ. ಸ್ಕ್ಯಾನ್ ಮಾಡಿಸಲು ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಸೇರಿದರೆ ದೊಡ್ಡ ಖರ್ಚೇನಲ್ಲ. ಮನೆಯ ಹಳೆಯ ಫೋಟೋಗಳ ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಇದ್ದರೆ ಅದನ್ನು ಓದಿ ಬರೆದಿಟ್ಟುಕೊಳ್ಳಿ. ಚಿತ್ರದಲ್ಲಿ ಇರುವವರ ಹೆಸರುಗಳನ್ನು, ವರ್ಷವನ್ನು, ಮನೆಯ ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ. ಹೆಸರಿಲ್ಲದ ಫೋಟೋ ಇನ್ನೊಂದು ತಲೆಮಾರು ಕಳೆಯುವುದರೊಳಗೆ ಅಪರಿಚಿತರ ಫೋಟೋ ಆಗುತ್ತದೆ.

ನಿಮ್ಮಲ್ಲಿ ಯಾರ ಬಳಿಯಾದರೂ ನಮ್ಮ ಶಾಲೆಯ ಗುಂಪು ಚಿತ್ರ, ಯಾವ ವರ್ಷದ್ದಾದರೂ ಸರಿ, ಇದ್ದರೆ ದಯವಿಟ್ಟು ಒಂದು ಪ್ರತಿ ಕಳುಹಿಸಿ. ಹೆಸರುಗಳು ಮರೆತಿದ್ದರೆ ಚಿಂತೆಯಿಲ್ಲ. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ನನಗೆ ನೆನಪಿರುವಷ್ಟನ್ನು ನಾನು ಬರೆದು ಕಳುಹಿಸುತ್ತೇನೆ.